ಬೆಲ್ಲದ ಕಡಾಯಿಯಲ್ಲಿ ಶಾಲೆಗೆ

ನಿಮ್ಮ ಮುತ್ತ್ಯಾ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ ಎರಡು ವರ್ಷ ನಾನು ಹುಮನಾಬಾದಿನಲ್ಲಿ ಬಾಡಿಗೆ ಖೋಲಿಯಲ್ಲಿದ್ದೆ. ಕೌದಿ ಹೊಲಿದು ನಿಮ್ಮ ತಾಯಿಯನ್ನು ಓದಿಸುತ್ತಿದ್ದೆ. ಅಲ್ಲಿ ಸ್ವಂತ ಜಾಗ ಕೊಳ್ಳುವುದು ನನ್ನಿಂದ ಆಗದ ಮಾತಾಗಿತ್ತು. ಆಗ ಅಣ್ಣನ ಕಾಗದ ಬಂತು. ಅವನ ಕಬ್ಬಿನ ಹೊಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅವನೂ ಇನ್ನು ಕೆಲವರೂ ದಡದ ಮೇಲೆ ಹೊಸ ಮನೆ ಕಟ್ಟಿಕೊಂಡಿದ್ದರು.

‘ಇಲ್ಲಿ ಜಾಗ ಅಗ್ಗ ಅದ. ನೀರಿನ ಬಾಜೂಕ ಇರಾಕ ಯಾರೂ ಒಪ್ಪವಲ್ರು. ಶಾಲಿ ಆಚಿ ದಂಡಿಗಿ ಅದ, ನಾ ದಾಟಸ್ತೀನಿ. ಬರುವಾಗ ಒಂದು ಹುಟ್ಟು ಮಾಡಿಸ್ಕೊಂಡು ಬಾ, ಇಲ್ಲಿ ಬಡಿಗ ಇಲ್ಲ’ ಎಂದು ಬರೆದಿದ್ದ.

ನನಗೆ ಗೊತ್ತಿದ್ದ ಹುಟ್ಟು ಅಂಬಲಿ ತಿರುವುವ ಮರದ ಸೌಟು. ದೋಣಿ ನಡೆಸುವ ಹಲಿಗೆಗೂ ಅದೇ ಹೆಸರೆಂದು ಒಣ ನೆಲದಲ್ಲಿ ಬೆಳೆದ ನನಗೆ ಹೇಗೆ ತಿಳಿಯಬೇಕು? ಸಾಗುವಾನಿಯಲ್ಲಿ ಚಂದದ ಸೌಟು ಮಾಡಿಸಿ ಒಯ್ದೆ. ಅತ್ತಿಗೆ ಅದನ್ನು ನೋಡಿ ಕೂತಲ್ಲೇ ನಕ್ಕಳು.

“ಇದರಿಂದ ಡ್ಯಾಂ ದಾಟ್ತೀಯೇನು ತಂಗಿ, ಇಲ್ಲಾ ಅದಕ್ಕ ವಗ್ಗರಣಿ ಹಾಕ್ತೀ?”

ನಿಜ ಹೇಳಬೇಕೆಂದರೆ ಅಲ್ಲಿದ್ದದ್ದೂ ದೋಣಿಯಲ್ಲ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುತ್ತಿದ್ದ ಅಣ್ಣನ ದೊಡ್ಡ ಕಬ್ಬಿಣದ ಕಡಾಯಿ. ಕಬ್ಬು ಹೋದ ಮೇಲೆ ಅದನ್ನೇ ನೀರಿಗೆ ಬಿಟ್ಟು, ಸವೆದ ಹಳೆಯ ಹುಟ್ಟಿನಲ್ಲೇ ನಡೆಸುತ್ತಿದ್ದ. ಐದಾರು ಮಕ್ಕಳು ಅದರಲ್ಲಿ ಕೂತು ಶಾಲೆಗೆ ಹೋಗುತ್ತಿದ್ದವು. ನಾನು ಕೊಂಡ ಜಾಗದಲ್ಲಿ ಮಣ್ಣಿನ ಗೋಡೆ ಎಬ್ಬಿಸಿ, ತಗಡು ಹೊದಿಸಿ, ನನ್ನ ಮನೆ ಎಂದು ಹೇಳುವಂತಾದೆ.

ನಿಮ್ಮ ತಾಯಿಯ ಏಳನೆಯ ಇಯತ್ತೆಯ ಪರೀಕ್ಷೆ ಶುರುವಾಗುವ ದಿನ ಅಣ್ಣನ ಅಂಗೈಯಲ್ಲಿ ಕುರು ಎದ್ದು ಕೈ ಊದಿಕೊಂಡಿತು. ಹರೆಯದ ಗಂಡಸರೆಲ್ಲ ನಸುಕಿನಲ್ಲೇ ಬಸವಕಲ್ಯಾಣದ ಸಂತೆಗೆ ಹೋಗಿದ್ದರು. ಸುತ್ತು ದಾರಿಯಲ್ಲಿ ನಡೆದರೆ ಮಧ್ಯಾಹ್ನವಾಗುತ್ತಿತ್ತು. ಆಗಲೇ ನೆಂಟರಲ್ಲಿ ಅವಳ ಮದುವೆಯ ಮಾತೆದ್ದಿತ್ತು. ಪರೀಕ್ಷೆ ತಪ್ಪಿದರೆ ಓದು ಅಲ್ಲಿಗೇ ನಿಲ್ಲುತ್ತದೆಂದು ನನಗೆ ಗೊತ್ತಿತ್ತು.

ಅಣ್ಣ ಹುಟ್ಟು ಹಾಕುವುದನ್ನು ದಿನವೂ ನೋಡಿದ್ದೆ, ಮುಟ್ಟಿರಲಿಲ್ಲ. ನೀರಿಗಿಂತ ನನಗೆ ನಾಚಿಕೆಯ ಭಯ ಹೆಚ್ಚು. ಹುಟ್ಟು ಹಾಕಲು ಎರಡೂ ಕೈ ಬೇಕು. ತಲೆಯ ಮೇಲಿನ ಸೆರಗನ್ನು ಹಿಡಿಯುವವರು ಯಾರು? ದಡದ ಕಲ್ಲಿನ ಮೇಲೆ ನಾಲ್ಕಾರು ಮುದುಕರು ಕೂತಿದ್ದರು. ನಾನು ಗಂಡಸರ ಎದುರು ತಲೆ ಬರಿದು ಮಾಡಿ ನಿಂತವಳಲ್ಲ.

“ಯವ್ವಾ, ಹೊತ್ತಾಗಾಕತ್ತದ,” ಎಂದಳು ನಿಮ್ಮ ತಾಯಿ.

ಸೆರಗನ್ನು ಎಳೆದು ನಡುವಿಗೆ ಸಿಕ್ಕಿಸಿದೆ. ನನ್ನ ಕೈ ನಂಬಿ ಬೇರೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಅವಳೊಬ್ಬಳನ್ನೇ ಕೂಡಿಸಿ, ಮೊಣಕಾಲೂರಿ ಹುಟ್ಟು ಹಾಕಿದೆ. ಕಡಾಯಿ ಮುಂದೆ ಹೋಗದೆ ಇದ್ದಲ್ಲೇ ಗಿರಗಿರ ತಿರುಗಿತು.

“ಬೀಸೂಕಲ್ಲು ಅಲ್ಲವ್ವ ಅದು,” ಎಂದ ಒಬ್ಬ ಮುದುಕ. “ಬಾಜೂಕ ಹಾಕಬ್ಯಾಡ. ಮುಂದ ಹಾಕಿ, ನಿನ್ನ ಕಡಿ ಎಳಕೋ.”

ಎಳೆದುಕೊಂಡೆ. ಒಲೆಯ ಬೂದಿಯನ್ನು ಒಲೆಬಾಯಿಗೆ ಎಳೆದಂತೆ ನೀರನ್ನು ಎಳೆದೆ. ಕಡಾಯಿ ಸರಿಯಿತು. ನಡುನೀರಿನಲ್ಲಿ ಭುಜ ಬಿದ್ದುಹೋಗುವಷ್ಟು ನೋವು. ನಿಮ್ಮ ತಾಯಿ ಪಾಟಿಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಆಚೆ ದಡ ಮುಟ್ಟಿದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಅವಳು ಹಾರಿ ಓಡಿದಳು.

ಮರುದಿನ ಇನ್ನಿಬ್ಬರು ಹುಡುಗಿಯರನ್ನು ಅವರ ತಾಯಂದಿರೇ ತಂದು ನನ್ನ ಕಡಾಯಿಗೆ ಕೂಡಿಸಿದರು. ಕೊನೆಯ ಪರೀಕ್ಷೆಯ ಹೊತ್ತಿಗೆ ಅಣ್ಣನ ಕೈ ವಾಸಿಯಾಗಿತ್ತು.

“ಬಾಜೂಕ ಸರಿ ತಂಗಿ, ಇವತ್ತ ನಾ ಹಾಕ್ತೀನಿ,” ಎಂದು ದಡಕ್ಕೆ ಬಂದ.

“ನೀ ಕೂಡು,” ಎಂದೆ.

ಅವನು ನಗುತ್ತ ಹುಡುಗಿಯರ ನಡುವೆ ಕಾಲು ಮಡಚಿ ಕೂತ. ನಾನು ಎಲ್ಲರನ್ನೂ ದಾಟಿಸಿದೆ.