ಎಷ್ಟು ಸಲ ಎದ್ರಿ, ಹನುಮಕ್ಕ?

ಬೆಳಗಿನ ಐದೂವರೆ. ಬೊಮ್ಮಸಂದ್ರದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಕ್ಯಾಂಟೀನಿನ ಹಿಂಬದಿಯಲ್ಲಿ ಎರಡು ಹಂಚುಗಳು ಆಗಲೇ ಕಾದಿವೆ. ಹನುಮವ್ವ ಜೋಳದ ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು ಬಡಿಯತೊಡಗಿದರೆ ಆ ಸದ್ದು ಗೇಟಿನವರೆಗೂ ಕೇಳುತ್ತದೆ. ಮೊದಲ ಪಾಳಿಯವರು ಬಸ್ಸಿಳಿದು, ಹಾಜರಿ ಯಂತ್ರಕ್ಕೆ ಬೆರಳೊತ್ತಿ, ಚಹಾ ಲೋಟ ಹಿಡಿದು ನೇರವಾಗಿ ಆಕೆಯ ಕಿಟಕಿಯ ಬಳಿ ಬರುತ್ತಾರೆ. ರೊಟ್ಟಿ ಸಿಗುವುದು ಮಧ್ಯಾಹ್ನದ ಊಟಕ್ಕೆ. ಬೆಳಿಗ್ಗೆ ಅವರಿಗೆ ಬೇಕಾದದ್ದು ಬೇರೆ.

"ನಿನ್ನೆದು ನೋಡಿದ್ರಾ ಹನುಮಕ್ಕ? ಎಷ್ಟ್ ಸಲ ಎದ್ರಿ?" ತಪಾಸಣಾ ವಿಭಾಗದ ಕಾವ್ಯಾ ಕೇಳುತ್ತಾಳೆ.

"ಮೂರು ಸಲ ಎದ್ದೆ ನೋಡವ್ವಾ. ಒಮ್ಮಿ ಅಕ್ಕಿ ಆರಿಸಿದೆ, ಒಮ್ಮಿ ನೀರ ಹಿಡಿದೆ. ಮೂರನೇ ಸಲ ಸುಮ್ನ ಹೊರಗ ಹೋಗಿ ನಿಂತು ಬಂದೆ. ಬಂದ್ರ ಆ ಹುಡುಗಿ ಇನ್ನಾ ಅಳಾಕತ್ತಿದ್ಲು."

ಕಿಟಕಿಯಾಚೆ ನಗೆ. ಆ ಸಿನಿಮಾ ಈ ಭಾನುವಾರ ಯಾರ ಮನೆಯಲ್ಲೂ ಓಡುವುದಿಲ್ಲ.

ಹನುಮವ್ವನಿಗೆ ನಲವತ್ತೆಂಟು. ಕುಷ್ಟಗಿ ತಾಲ್ಲೂಕಿನಿಂದ ಗಂಡ ಅಮರಪ್ಪನ ಜೊತೆ ಬಂದು ಹದಿನಾಲ್ಕು ವರ್ಷವಾಯಿತು. ಮೊದಲ ಆರು ವರ್ಷ ಕಟ್ಟಡಗಳಲ್ಲಿ ಕಲ್ಲು, ಸಿಮೆಂಟು ಹೊತ್ತರು. ಸೊಂಟ ಹಿಡಿದುಕೊಂಡ ಮೇಲೆ ಬುಟ್ಟಿ ಬಿಟ್ಟು, ಕೈಗೆ ಗೊತ್ತಿದ್ದ ಕೆಲಸಕ್ಕೇ ಮರಳಿದರು. ಈಗ ದಿನಕ್ಕೆ ಇನ್ನೂರೈವತ್ತು ರೊಟ್ಟಿ. ಉತ್ತರ ಕರ್ನಾಟಕದ ಹುಡುಗರು ಹೊಸದಾಗಿ ಸೇರಿದರೆ ಮುನ್ನೂರು. ಅಂಗೈ ಹಲಗೆಯಂತಾಗಿದೆ. ಫೋನಿನ ಪರದೆ ಆ ಕೈಯ ತೋರುಬೆರಳನ್ನು ಗುರುತಿಸುವುದಿಲ್ಲವಾದ್ದರಿಂದ ಸಿನಿಮಾ ಹಚ್ಚುವುದಕ್ಕೆ ಕಿರುಬೆರಳೇ ಗತಿ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಸಿ ಯಾರಂಡಹಳ್ಳಿಯ ಕೋಣೆ ಸೇರುತ್ತಾರೆ. ಉಂಡು, ಫೋನನ್ನು ಬೇಳೆ ಡಬ್ಬಿಗೆ ಒರಗಿಸಿ, ಕಾಲು ಚಾಚಿ ಕೂರುತ್ತಾರೆ. ದಿನಕ್ಕೊಂದು ಸಿನಿಮಾ. ಕನ್ನಡದ್ದು, ಇಲ್ಲವೇ ಕನ್ನಡಕ್ಕೆ ಮಾತು ಕೂಡಿಸಿದ್ದು. ತೆಲುಗು ಅಷ್ಟಿಷ್ಟು ತಿಳಿಯುತ್ತದೆ. ಭಾಷೆ ತಿಳಿಯದ ಸಿನಿಮಾವನ್ನೂ ಬಿಡುವುದಿಲ್ಲ. "ಮಂದಿ ಬಡದಾಡೋದು ಎಲ್ಲಾ ಕಡೆ ಒಂದ ಥರಾ ಇರ್ತೈತಿ ಬಿಡ್ರಿ" ಎನ್ನುತ್ತಾರೆ.

ನೋಡುವಾಗ ಎಷ್ಟು ಸಲ ಎದ್ದುಹೋದರು ಎಂಬುದೇ ಆಕೆಯ ಅಳತೆ. ಐದು ಸಲ ಎದ್ದರೆ ಆ ಸಿನಿಮಾದ ಕಥೆ ಮುಗಿದಂತೆ. ಒಂದು ಸಲವೂ ಏಳದಿದ್ದರೆ ಹಬ್ಬ. ಕಳೆದ ವಾರದ ದೆವ್ವದ ಸಿನಿಮಾಕ್ಕೆ ನಾಲ್ಕು ಸಲ ಎದ್ದಿದ್ದರು. "ಆ ದೆವ್ವಕ್ಕ ಬಾಗಿಲಾ ತೆಗಿಯೋದು, ಹಾಕೋದು, ಇಷ್ಟ ಕೆಲಸ. ಅಷ್ಟು ಕಾಡಿದ್ರೂ ಆ ಮಂದಿ ಮನಿ ಖಾಲಿ ಮಾಡವಲ್ರು. ಅಡ್ವಾನ್ಸ್ ವಾಪಸ್ ಬರಂಗಿಲ್ಲ ಅನ್ನೋ ಅಂಜಿಕಿ ಇರಬೇಕು." ಅದರ ಮಾರನೆಯ ದಿನ ನೋಡಿದ್ದು ಕಳೆದುಹೋದ ಕೊಡೆಯನ್ನು ಹುಡುಕುತ್ತ ಊರೆಲ್ಲ ತಿರುಗುವ ಮುದುಕನ ಕಥೆ. ಅದಕ್ಕೆ ಏಳಲೇ ಇಲ್ಲ. "ಕಥಿ ಏನೂ ಇಲ್ರಿ. ಆದ್ರ ಅವ ಕುಂತು ಚಾ ಕುಡಿಯೋದು ನೋಡಿ ನಮ್ಮಪ್ಪನ ನೆನಪಾತು. ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು."

ಒಮ್ಮೆ ಕಾವ್ಯಾ ಈ ಮಾತುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿ ತನ್ನ ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಪಕ್ಕದ ಔಷಧ ಕಾರ್ಖಾನೆಗೂ ಹೋಯಿತು. ಈಗ ಆಕೆಯ ಒಂದು ನಿಮಿಷದ ಧ್ವನಿಗೆ ನಾನೂರು ಜನ ಕಾಯುತ್ತಾರೆ. ವಾರಕ್ಕೊಂದೇ ರಜೆ ಇರುವವರಿಗೆ ಎರಡೂವರೆ ಗಂಟೆ ಪೋಲಾಗುವುದು ಸಣ್ಣ ನಷ್ಟವಲ್ಲ.

ಆ ನೇರ ಬಾಯಿ ಒಮ್ಮೆ ಆಕೆಯನ್ನು ಪೇಚಿಗೂ ಸಿಕ್ಕಿಸಿತ್ತು.

ಹನುಮವ್ವನ ಕೋಣೆಯ ಮಾಲೀಕರು ಚಿಕ್ಕಬೈರಪ್ಪ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಹನ್ನೆರಡು ಬಾಡಿಗೆ ಕೋಣೆಗಳಿವೆ. ಮಗ ಚಿರಂಜೀವಿ ನೀರಿನ ಟ್ಯಾಂಕರ್ ಓಡಿಸುತ್ತಾನೆ, ಮನಸ್ಸೆಲ್ಲ ನಟನೆಯ ಮೇಲೆ. ಎರಡು ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಖಳನ ಕಡೆಯವನಾಗಿ ಹೀರೊ ಕೈಲಿ ಹೊಡೆಸಿಕೊಂಡಿದ್ದ. ಅದು ಟಿವಿಗೆ ಬಂದ ಭಾನುವಾರ ಚಿಕ್ಕಬೈರಪ್ಪ ಬಾಡಿಗೆಯವರನ್ನೆಲ್ಲ ತಮ್ಮ ಹಾಲಿಗೆ ಕರೆದರು. ಅವರ ಹೆಂಡತಿ ಭಾಗ್ಯಮ್ಮ ಎಲ್ಲರಿಗೂ ಕಡ್ಲೆಪುರಿ ಹಂಚಿದರು. ಸಿನಿಮಾ ಮುಗಿದದ್ದೇ ಚಿಕ್ಕಬೈರಪ್ಪ ಹನುಮವ್ವನ ಕಡೆ ತಿರುಗಿದರು.

"ಏನಮ್ಮ ಅನುಮವ್ವ, ಫ್ಯಾಕ್ಟ್ರೀಲಿ ಎಲ್ರಿಗೂ ನೀನೇ ಯೋಳ್ತೀಯಂತೆ. ನಮ್ ಉಡುಗ ಎಂಗ್ ಮಾಡವ್ನೆ?"

ಹನುಮವ್ವ ಗಂಡನ ಮುಖ ನೋಡಿದರು. ಅಮರಪ್ಪ ಬೇಡವೆಂದು ಕಣ್ಣಲ್ಲೇ ಹೇಳಿದ. ಆದರೂ ಬಾಯಿ ಕೇಳಲಿಲ್ಲ. "ಗೌಡ್ರ, ನಿಮ್ಮ ಮನಿ ಅಂತ ಎದ್ದಿಲ್ರಿ. ಇಲ್ಲಾಂದ್ರ ಐದು ಸಲ ಏಳತಿದ್ದೆ. ತಮ್ಮಗ ಹೊಡ್ತ ಬೀಳೋಕಿಂತ ಮೊದಲ ಗೊತ್ತಾಗೈತಿ. ಗಲ್ಲಾ ಮುಂದ ಮಾಡಿ ಕಾಯ್ಕೊಂತ ನಿಂತಾನ."

ಕಡ್ಲೆಪುರಿ ಅಗಿಯುವ ಸದ್ದೂ ನಿಂತುಹೋಯಿತು. ಚಿರಂಜೀವಿ ಎದ್ದು ಒಳಗೆ ಹೋದ.

ಮಾರನೆಯ ದಿನದಿಂದ ನಲ್ಲಿಯ ಹತ್ತಿರ ಭಾಗ್ಯಮ್ಮನ ಮಾತು ನಿಂತಿತು. ಅಮರಪ್ಪ ಹೆಬ್ಬಗೋಡಿಯ ಕಡೆ ಬೇರೆ ಕೋಣೆ ನೋಡಿಬಂದ. "ಸಿನಿಮಾ ಹಾಳಾಗ್ಲಿ, ಇರೋ ಸೂರು ಕಳಕೊಳ್ಳೂದೇನು?" ಎಂದು ರೇಗಿದ. ಹನುಮವ್ವನಿಗೆ ಕೋಣೆಗಿಂತ ಆ ಹುಡುಗನ ಮುಖವೇ ಕಾಡುತ್ತಿತ್ತು. ಹನ್ನೊಂದು ದಿನ ಫೋನನ್ನು ಡಬ್ಬಿಗೆ ಒರಗಿಸಲಿಲ್ಲ. ಕ್ಯಾಂಟೀನಿನ ಕಿಟಕಿಯಲ್ಲಿ ಕೇಳಿದವರಿಗೆ "ಏನೂ ನೋಡಿಲ್ಲವ್ವಾ" ಎಂದಷ್ಟೇ ಹೇಳಿ ರೊಟ್ಟಿ ಬಡಿದರು.

ಹನ್ನೆರಡನೆಯ ದಿನ ಮಧ್ಯಾಹ್ನ ಚಿರಂಜೀವಿಯೇ ಬಾಗಿಲಲ್ಲಿ ನಿಂತಿದ್ದ. "ಅಕ್ಕ, ಅವತ್ತಿಂದ ಆ ಸೀನ್ ಇಪ್ಪತ್ ಸಲ ನೋಡ್ದೆ. ನೀವ್ ಹೇಳಿದ್ದು ಕರೆಕ್ಟು. ಈಗ ಇನ್ನೊಂದ್ ಚಾನ್ಸ್ ಬಂದೈತೆ, ಪಂಕ್ಚರ್ ಅಂಗಡಿಯವನು. ಹೆಂಗ್ ಮಾಡ್ಬೇಕು ಹೇಳ್ತೀರಾ?"

"ನನಗೇನ್ ಗೊತ್ತೋ ತಮ್ಮಾ. ನಾ ನೋಡಾಕಿ, ಮಾಡಾಕಿ ಅಲ್ಲ" ಎಂದರು ಹನುಮವ್ವ. ಆದರೂ ಅವನನ್ನು ಒಳಗೆ ಕೂರಿಸಿ, ಮೊರದಲ್ಲಿದ್ದ ಅಕ್ಕಿ ಕೊಟ್ಟು, ಕಲ್ಲು ಆರಿಸುತ್ತ ಆ ಪಾತ್ರದ ಮಾತು ಹೇಳು ಎಂದರು. ಮೊದಲು ಮಾತು ಬಂದರೆ ಕೈ ನಿಲ್ಲುತ್ತಿತ್ತು, ಕೈ ಆಡಿದರೆ ಮಾತು ಮರೆಯುತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಎರಡೂ ಜೊತೆಗೆ ನಡೆದವು. "ಕೈಗೆ ಕೆಲಸ ಇದ್ರ ಮಾರಿ ತಾನ ಸುಮ್ನಿರತೈತಿ. ಇಷ್ಟ ನಾ ಹೇಳಿದ್ದು." ಆಮೇಲೆ ಅವನು ಹೊಸೂರು ರಸ್ತೆಯ ಪಂಕ್ಚರ್ ಅಂಗಡಿಯೊಂದರಲ್ಲಿ ಹದಿನೈದು ದಿನ ಕೂತು ಟ್ಯೂಬಿಗೆ ತೇಪೆ ಹಾಕುವುದನ್ನು ಕಲಿತ.

ಆ ಸಿನಿಮಾ ಕಳೆದ ತಿಂಗಳು ಮೊಬೈಲಿಗೆ ಬಂತು. ಚಿಕ್ಕಬೈರಪ್ಪನವರ ಹಾಲಿನಲ್ಲಿ ಮತ್ತೆ ಅದೇ ಜನ. ಚಿರಂಜೀವಿಗೆ ಸಿಕ್ಕಿದ್ದು ನಾಲ್ಕೇ ನಿಮಿಷ. ತಮ್ಮನ ಸಾವಿನ ಸುದ್ದಿ ತಂದವನ ಎದುರು ಅಂಗಡಿಯವನು ಅಳುವುದಿಲ್ಲ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಲೇ ಇರುತ್ತಾನೆ. ಸಿನಿಮಾ ಮುಗಿಯಿತು. ಈ ಸಲ ಚಿಕ್ಕಬೈರಪ್ಪನವರಿಗೆ ಕೇಳುವ ಧೈರ್ಯವಿರಲಿಲ್ಲ. ಭಾಗ್ಯಮ್ಮ ಕೇಳಿದರು.

"ನಿಮ್ಮ ಹುಡುಗ ಎಲ್ಲೂ ಕಾಣ್ಲಿಲ್ಲಮ್ಮಾರ" ಎಂದರು ಹನುಮವ್ವ. "ನನಗ ಆ ಪಂಕ್ಚರ್ ಅಂಗಡಿಯವ ಅಷ್ಟ ಕಂಡ."

ಭಾಗ್ಯಮ್ಮ ಆಕೆಯ ಕೈ ಹಿಡಿದುಕೊಂಡು ಕೂತರು. ಸಂಜೆಯವರೆಗೂ ಬಾಡಿಗೆಯವರಿಗೆಲ್ಲ ಕಾಫಿ ಬರುತ್ತಲೇ ಇತ್ತು. ಅಮರಪ್ಪ ಹೆಬ್ಬಗೋಡಿಯ ಕೋಣೆಯ ಸುದ್ದಿಯನ್ನು ಆಮೇಲೆ ಎತ್ತಿಲ್ಲ.

ಈಗ ಯೂಟ್ಯೂಬ್ ಚಾನೆಲ್ ಮಾಡೋಣವೆಂದು ಕಾವ್ಯಾ ಬೆನ್ನುಹತ್ತಿದ್ದಾಳೆ. ಹನುಮವ್ವ ಒಪ್ಪಿಲ್ಲ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಕ್ಯಾಮೆರಾ ಕಡೆ ನೋಡಿದರೆ ರೊಟ್ಟಿ ಸುಟ್ಟುಹೋಗುತ್ತದೆ ಎನ್ನುವುದು ಅವರ ತಕರಾರು. ಹಾಗಾದರೆ ಸಿನಿಮಾದವರಿಗೆ ಹೇಳುವುದೇನಾದರೂ ಉಂಟೇ ಎಂದರೆ, ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತಾರೆ.

"ಕಡೀಕ ಹೆಸರು ಬರ್ತಾವಲ್ರಿ, ಲೈಟಿನವ್ರು, ಗಾಡಿಯವ್ರು, ಅಡಗಿ ಮಾಡಿದವ್ರು ಅಂತ. ಅಷ್ಟೊತ್ತಿಗೆ ಎಲ್ರೂ ಬಂದ್ ಮಾಡ್ತಾರ. ನಾ ಮಾಡಂಗಿಲ್ಲ. ನಾ ಸಾಲಿ ಕಲ್ತಿದ್ದು ಮೂರನೇತ್ತ, ಒಂದೊಂದ ಅಕ್ಷರ ಕೂಡಿಸಿ ಓದಬೇಕು. ಅಡಗಿಯವರ ಹೆಸರು ಅರ್ಧಾ ಓದೋದ್ರಾಗ ಮ್ಯಾಲ ಹೋಗಿಬಿಡ್ತೈತಿ. ಅದನ್ನ ಸ್ವಲ್ಪ ಸಾವಕಾಶ ಬಿಡ್ರಿ ಅಂತ ಬರೀರಿ."