ದೊಡ್ಡಮ್ಮ ನನ್ನ ಗುರುತು ಹಿಡಿಯದ ಭಾನುವಾರ

ಮೃಗಾಲಯದಲ್ಲಿ ಕೆಲಸ ಅಂದರೆ ಜನ ಮೊದಲು ಹುಲಿಯ ಬಗ್ಗೆ ಕೇಳುತ್ತಾರೆ. ಹುಲಿಯಲ್ಲ, ಘೇಂಡಾಮೃಗ ಎಂದ ಕೂಡಲೇ ಅವರ ಮುಖದಲ್ಲಿ ಒಂದು ಬಗೆಯ ಸಂತಾಪ ಮೂಡುತ್ತದೆ. ನನಗೆ ಅದು ಅಭ್ಯಾಸವಾಗಿದೆ. ಕೆಲಸಕ್ಕೆ ಸೇರುವಾಗ ನಾನು ಬೇಡಿದ್ದು ಗಿಳಿಗಳ ವಿಭಾಗವನ್ನು. ಮೈ ಸಣ್ಣದು, ಪ್ರಾಣಿಯೂ ಸಣ್ಣದಿರಲಿ ಎಂಬುದು ನನ್ನ ಲೆಕ್ಕಾಚಾರ. ಆದರೆ ಘೇಂಡಾಮೃಗದ ಮನೆಗೆ ಯಾರು ಹೋಗುತ್ತೀರಿ ಎಂದು ಮೇಲ್ವಿಚಾರಕರು ಕೇಳಿದ ಹೊತ್ತಿಗೆ ನಾನು ಹೊರಗೆ ನಿಂತು ಚಹಾ ಕುಡಿಯುತ್ತಿದ್ದೆ. ಒಳಗಿದ್ದವರೆಲ್ಲ ಆಗುವುದಿಲ್ಲ ಎಂದರು. ಆಗುವುದಿಲ್ಲ ಎನ್ನದೆ ಉಳಿದವನು ನಾನೊಬ್ಬನೇ. ಮನೆಯಲ್ಲಿ ಮಾತ್ರ, ಅಷ್ಟು ಜನರ ನಡುವೆ ನನ್ನನ್ನೇ ಆರಿಸಿದರು ಎಂದು ಹೇಳಿಕೊಂಡೆ.

ಅವಳ ಹೆಸರು ದೊಡ್ಡಮ್ಮ. ಕಾಗದದಲ್ಲಿ ಬೇರೇನೋ ಹೆಸರಿತ್ತು, ಆ ಹೆಸರಿನಿಂದ ಕರೆದರೆ ಅವಳು ಕಿವಿಯನ್ನೂ ಆಡಿಸುತ್ತಿರಲಿಲ್ಲ. ದೊಡ್ಡಮ್ಮ ಎಂದರೆ ಎರಡು ಕಿವಿಯೂ ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು. ಈ ಹೆಸರಿನಿಂದ ನನ್ನ ಸಂಸಾರಕ್ಕೆ ಆದ ತೊಂದರೆ ಅಷ್ಟಿಷ್ಟಲ್ಲ. ಒಮ್ಮೆ ಬಸ್ಸಿನಲ್ಲಿ ಕುಳಿತು, ದೊಡ್ಡಮ್ಮನಿಗೆ ಬೆಳಗಿನಿಂದ ಭೇದಿ, ಇಡೀ ಕೋಣೆಗೆ ಪೈಪ್ ಹಿಡಿದು ತೊಳೆದೆ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಇಳಿಯುವಾಗ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅವಳ ಮನೆ ದೊಡ್ಡದು, ನನ್ನ ಮನೆಗಿಂತ ಎಷ್ಟೋ ಪಾಲು ದೊಡ್ಡದು. ಮುಂದೆ ಕೆಸರುಗುಂಡಿ ಇರುವ ಬಯಲು, ಹಿಂದೆ ಸಾಲಾಗಿ ಮೂರು ಕೋಣೆ, ಬಯಲಿನಿಂದ ಕೋಣೆಗೆ ಅಡ್ಡಕ್ಕೆ ಸರಿಯುವ ಕಬ್ಬಿಣದ ಬಾಗಿಲು. ಆ ಬಾಗಿಲನ್ನು ಕೋಣೆಯ ಪಕ್ಕದ, ನಡುವೆ ಸರಳು ಹಾಕಿದ ಓಣಿಯಲ್ಲಿ ನಿಂತು ಸರಪಳಿ ಎಳೆದು ತೆರೆಯಬೇಕು. ಬಯಲಿನ ಒಂದು ಬದಿಗೆ ಗೋಡೆಯಿಲ್ಲ, ದಪ್ಪ ಕಂಬಗಳ ಸಾಲು. ಎರಡು ಕಂಬಗಳ ನಡುವೆ ಮನುಷ್ಯ ನುಸುಳಬಹುದು, ಘೇಂಡಾಮೃಗಕ್ಕೆ ಆಗದು. ಅವಳು ಬಯಲಿನಲ್ಲಿರುವಾಗ ಯಾರೂ ಕಂಬ ದಾಟಿ ಒಳಗೆ ಹೋಗಬಾರದೆಂಬುದು ನಿಯಮ. ಆ ನಿಯಮವನ್ನು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದವನು ನಾನೇ. ಮುರಿಯುತ್ತಿದ್ದವನೂ ನಾನೇ. ದಿನಾ ಬೆಳಿಗ್ಗೆ ಕಂಬ ದಾಟಿ ಒಂದು ಹೆಜ್ಜೆ ಒಳಗೆ ನಿಂತು "ದೊಡ್ಡಮ್ಮಾ" ಎಂದು ಕರೆಯುತ್ತಿದ್ದೆ. ಅವಳು ಕೆಸರಿನಿಂದೆದ್ದು ನಿಧಾನವಾಗಿ ಬಂದು ಕತ್ತಿನ ಮಡಿಕೆಯನ್ನು ನನ್ನ ಕೈಗೆ ಒಡ್ಡುತ್ತಿದ್ದಳು. ನಾನು ಕೆರೆಯುತ್ತಿದ್ದೆ. ನೋಡಲು ಬಂದವರು ಬೆರಗಾಗುತ್ತಿದ್ದರು. ನಾನು ಏನೂ ಆಗದವನಂತೆ ಆಕಾಶ ನೋಡುತ್ತಿದ್ದೆ. ಯಾರಾದರೂ ಕೇಳಿದರೆ, ಅಷ್ಟು ದೂರದಿಂದಲೇ ನನ್ನ ಮುಖ ಗುರುತಿಸುತ್ತಾಳೆ ಎನ್ನುತ್ತಿದ್ದೆ. ಮುಖ ನೋಡಿ ನನ್ನ ಬಳಿಗೆ ಬಂದ ಜೀವ ಬೇರೊಂದಿರಲಿಲ್ಲವಾದ್ದರಿಂದ ಆ ಮಾತು ಹೇಳುವಾಗ ನನಗೆ ಸ್ವಲ್ಪ ಜಾಸ್ತಿಯೇ ಖುಷಿಯಾಗುತ್ತಿತ್ತು.

ಇಷ್ಟೆಲ್ಲ ಗೌರವ ಮೃಗಾಲಯದ ಬೇಲಿಯ ಒಳಗೆ ಮಾತ್ರ. ಹೊರಗೆ ನನಗಿಂತ ಮುಂಚೆ ನನ್ನ ವಾಸನೆ ಹೋಗುತ್ತಿತ್ತು. ಹಸಿ ಹುಲ್ಲು, ಕೆಸರು, ಸಗಣಿ ಎಲ್ಲ ಕಲೆತ ಆ ವಾಸನೆಗೆ ನನ್ನ ಮೂಗು ಎಂದೋ ಸೋತು ಸುಮ್ಮನಾಗಿತ್ತು. ಉಳಿದವರ ಮೂಗು ಸುಮ್ಮನಾಗಿರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಅದು ಜನ ನನಗೆ ಕೊಡುವ ಮರ್ಯಾದೆ ಎಂದುಕೊಂಡು ನಾನು ಕಾಲು ಚಾಚಿ ಕೂರುತ್ತಿದ್ದೆ.

ಹೀಗಿರುವಾಗ ಮಗಳು ಒಬ್ಬ ಹುಡುಗನನ್ನು ಒಪ್ಪಿದಳು. ಅವಳೊಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಹುಡುಗ ಕನ್ನಡಕ ಮಾಡಿಸಲು ಬಂದವನು. ಒಳ್ಳೆಯವನು, ತಕರಾರಿಲ್ಲ. ಅವನ ತಂದೆಗೆ ಒಂದು ಲಾಂಡ್ರಿ ಇತ್ತು. ಆ ಸುದ್ದಿ ಕೇಳಿದ ಗಳಿಗೆಯಿಂದ ನನ್ನ ಹೆಂಡತಿಗೆ ನಿದ್ದೆ ಹಾರಿಹೋಯಿತು. ಬದುಕೆಲ್ಲ ಬಟ್ಟೆಯ ಕೊಳೆ ನೋಡಿದ ಮನುಷ್ಯ ಬೀಗನಾಗಿ ಮನೆಗೆ ಬರುತ್ತಾನೆ, ಎದುರಿಗೆ ನಾನು ಕೂರುತ್ತೇನೆ. ಆ ದೃಶ್ಯವನ್ನು ನೆನೆದರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತಂತೆ.

ಭಾನುವಾರ ಸಂಜೆ ಬರುವುದೆಂದು ಗೊತ್ತಾಯಿತು. ಭಾನುವಾರ ಮೃಗಾಲಯಕ್ಕೆ ಜನ ಹೆಚ್ಚು, ರಜೆ ಸಿಗುವ ಮಾತೇ ಇಲ್ಲ. ಮಧ್ಯಾಹ್ನದವರೆಗೆ ಕೆಲಸ ಮಾಡಿ ಬರುತ್ತೇನೆ ಎಂದೆ. ಹೆಂಡತಿ ವಾದಿಸಲಿಲ್ಲ. ಆ ವಾರವಿಡೀ ಅವಳು ನನ್ನ ಮೇಲೆ ನಡೆಸಿದ ಕಾರ್ಯಾಚರಣೆಯನ್ನು ಇನ್ನು ಯಾರ ಮೇಲೂ ಯಾರೂ ನಡೆಸದಿರಲಿ. ನನ್ನ ಸಮವಸ್ತ್ರಗಳನ್ನೆಲ್ಲ ಸುವಾಸನೆಯ ನೀರಿನಲ್ಲಿ ನೆನೆಸಿಟ್ಟಳು. ಹಳೆಯ ಬೂಟು, ಹಳೆಯ ಟೋಪಿ ಕಸದ ಗಾಡಿಗೆ ಹೋದವು. ನಿಂಬೆಹಣ್ಣು, ಬ್ರಷ್ಷು, ಬಿಸಿನೀರು, ಯಾವುದನ್ನೂ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಕೊನೆಯ ಅಸ್ತ್ರವಾಗಿ ಅವಳ ತಮ್ಮ ಕೊಟ್ಟಿದ್ದ ಅತ್ತರಿನ ಶೀಶೆ ತಂದಳು.

"ರೀ, ಇದು ಸಂಜೆವರೆಗೂ ಇರುತ್ತಂತೆ. ಕೈಯೆತ್ತಿ" ಎಂದಳು. ನಾನು ಕೈಯೆತ್ತಿದೆ.

ಅಂದು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬರು ಬಂದು ಕುಳಿತರು. ಕಾಲು ಮಡಿಸಿಕೊಳ್ಳಬೇಕಾಯಿತು. ಸಂಭ್ರಮವಾಯಿತು ಎಂದೇ ಹೇಳಬೇಕು.

ಮೃಗಾಲಯದಲ್ಲಿ ಬೇರೆಯೇ ಗಡಿಬಿಡಿ. ಹಿಂದಿನ ದಿನದ ಗಾಳಿಗೆ ದೊಡ್ಡಮ್ಮನ ಬಯಲಿನ ದೊಡ್ಡ ಮರದ ಕೊಂಬೆಯೊಂದು ಸೀಳಿ, ಕೆಸರುಗುಂಡಿಯ ನೇರಕ್ಕೆ ಜೋತುಬಿದ್ದಿತ್ತು. ಕೊಂಬೆ ಕಡಿಯುವವರು ಯಂತ್ರ ತಂದು ಕಾಯುತ್ತಿದ್ದರು. ಅವಳನ್ನು ಒಳಗಿನ ಕೋಣೆಗೆ ಸೇರಿಸಿ ಬಾಗಿಲು ಹಾಕಿದ ಮೇಲೆ ಅವರ ಕೆಲಸ. ಮೃಗಾಲಯದ ಡಾಕ್ಟರಮ್ಮ ಬಂದಿದ್ದರು. ಪಕ್ಕದ ಜಿರಾಫೆ ಮನೆಯನ್ನು ನೋಡಿಕೊಳ್ಳುವ, ನಾವೆಲ್ಲ ಏಣಿ ಎಂದು ಕರೆಯುವ ಉದ್ದನೆಯ ಗೆಳೆಯನೂ ಬಂದು ನಿಂತಿದ್ದ. ಬೇಲಿಯಾಚೆ ಜನ ಸೇರಿದ್ದರು. ಚಿಂತೆ ಬೇಡ, ನಾನು ಕರೆದರೆ ಬರುತ್ತಾಳೆ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಕಂಬ ದಾಟಿ ಒಳಗೆ ನಿಂತೆ.

"ದೊಡ್ಡಮ್ಮಾ" ಎಂದೆ.

ಕಿವಿಗಳು ತಿರುಗಿದವು. ಎದ್ದಳು. ಎಂದಿನಂತೆ ಬರತೊಡಗಿದಳು. ಅರ್ಧ ದಾರಿಯಲ್ಲಿ ನಿಂತು ಮೂಗೆತ್ತಿದಳು. ಗಾಳಿ ನನ್ನ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು. ಮೂಗಿನಿಂದ ಒಂದು ಸದ್ದು ಬಂತು, ಲಾರಿಯ ಬ್ರೇಕಿನಿಂದ ಬರುವಂಥದ್ದು. ಆಮೇಲೆ ತಲೆ ತಗ್ಗಿತು.

ಅಷ್ಟು ದೊಡ್ಡ ಮೈ ಅಷ್ಟು ಬೇಗ ಓಡುತ್ತದೆಂದು ನಾನೇ ಎಷ್ಟೋ ಜನರಿಗೆ ವಿವರಿಸಿದ್ದೆ. ಅದು ನನ್ನ ಕಡೆಗೇ ಓಡಿ ಬಂದಾಗ ವಿವರಣೆ ಯಾವ ಉಪಯೋಗಕ್ಕೂ ಬರಲಿಲ್ಲ. ಕಾಲಿಗೆ ಬುದ್ಧಿ ಹೇಳಿದೆ. ಕಾಲು ಕೇಳಿತು, ಹೊಟ್ಟೆ ಕೇಳಲಿಲ್ಲ. ಕಂಬಗಳು ಇದ್ದಲ್ಲೇ ಇದ್ದವು, ಇಷ್ಟು ವರ್ಷಗಳಲ್ಲಿ ನಾನು ಇದ್ದಷ್ಟೇ ಇರಲಿಲ್ಲ. ನಿಧಾನವಾಗಿ, ಉಸಿರು ಒಳಗೆಳೆದುಕೊಂಡು ಅಡ್ಡ ತಿರುಗಿ ನುಸುಳಿದರೆ ಹಿಡಿಸುತ್ತಿದ್ದವನು ಅವಸರದಲ್ಲಿ ನೇರ ನುಗ್ಗಿ ನಡುವೆ ಸಿಕ್ಕಿಕೊಂಡೆ. ಏಣಿ ನನ್ನ ಕೊರಳಪಟ್ಟಿ ಹಿಡಿದು ಎಳೆದ. ಅಂಗಿ ಹರಿಯಿತು, ಗುಂಡಿಗಳು ಹಾರಿದವು, ನಾನು ಹೊರಗೆ ಅವನ ಮೇಲೆ ಬಿದ್ದೆ. ಅವಳು ಕಂಬದ ಹತ್ತಿರ ಬಂದು ನಿಂತು, ಮೂಗಿನಿಂದ ಉಸಿರು ಬಿಟ್ಟು, ಮರಳಿ ಕೆಸರಿಗೇ ಹೋಗಿ ಕೊಂಬೆಯ ಕೆಳಗೆ ಮಲಗಿದಳು.

ಬೇಲಿಯಾಚೆ ಯಾರೋ ಚಪ್ಪಾಳೆ ತಟ್ಟಿದರು. ಇದು ದಿನಾ ಇರುವ ಪ್ರದರ್ಶನವೆಂದು ಅವರು ತಿಳಿದಿರಬೇಕು.

ನನಗೆ ನೋವಾಗಿದ್ದು ಪಕ್ಕೆಯಲ್ಲಿ ಅಲ್ಲ. ಹೀಗೇಕೆ ಮಾಡಿದಳು, ನನ್ನ ಮುಖ ನೋಡಿಯೂ ಹೀಗೆ ಮಾಡಿದಳಲ್ಲ ಎಂದು ಡಾಕ್ಟರಮ್ಮನ ಮುಂದೆ ಹಲುಬಿದೆ. ಅವರು ನನ್ನ ಹತ್ತಿರ ಬಂದು, ನಿಂತು, ಒಂದು ಹೆಜ್ಜೆ ಹಿಂದೆ ಸರಿದರು.

"ಏನು ಹಾಕ್ಕೊಂಡು ಬಂದಿದ್ದೀರಿ ಇವತ್ತು?"

ಅತ್ತರು, ಬೀಗರು ಬರುವವರಿದ್ದಾರೆ ಎಂದೆ.

"ನೋಡಿ, ಅವಳಿಗೆ ನಿಮ್ಮ ಮುಖ ಯಾವತ್ತೂ ಸರಿಯಾಗಿ ಕಂಡೇ ಇಲ್ಲ. ಆ ಕಣ್ಣಿಗೆ ಅಷ್ಟು ದೂರದಲ್ಲಿ ನೀವೂ ಒಂದು ಕಂಬ. ಅವಳು ಬರ್ತಿದ್ದದ್ದು ನಿಮ್ಮ ವಾಸನೆಗೆ. ಈಗ ಗೊತ್ತಿರೋ ಧ್ವನಿಯಲ್ಲಿ ಗೊತ್ತಿಲ್ಲದವನೊಬ್ಬ ಕರೀತಿದ್ದಾನೆ. ಹೆದರಿದ್ದಾಳೆ, ಅಷ್ಟೆ."

ಇಷ್ಟು ವರ್ಷದ ನನ್ನ ಜಂಭವನ್ನು ಅವರು ಅಷ್ಟು ಸಮಾಧಾನವಾಗಿ ಇಳಿಸಿದರು. ಅವರ ಮಾತು ಸರಿಯೆಂದು ನನಗೂ ಗೊತ್ತಿತ್ತು. ಘೇಂಡಾಮೃಗಕ್ಕೆ ಕಣ್ಣು ಮಂದ, ಮೂಗು ಚುರುಕು ಎಂದು ಬೇಲಿಯ ಬಳಿಯ ಫಲಕದಲ್ಲೇ ಬರೆದಿದೆ. ಆ ಫಲಕಕ್ಕೆ ನಾನು ದಿನಾ ಬಟ್ಟೆ ಹಾಕಿ ಒರೆಸುತ್ತಿದ್ದೆ. ಅದು ಬೇರೆ ಘೇಂಡಾಮೃಗಗಳಿಗೆ ಬರೆದದ್ದು ಎಂದುಕೊಂಡಿದ್ದೆನೇನೋ.

ಪ್ರಜ್ಞೆ ತಪ್ಪಿಸುವ ಮದ್ದು ಕೊಡುವುದು ಅವಳ ವಯಸ್ಸಿಗೆ ಅಪಾಯ. ಹಳೆಯ ಬಟ್ಟೆ ಏನಾದರೂ ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ಒಂದು ಚೂರೂ ಉಳಿದಿರಲಿಲ್ಲ, ಹೆಂಡತಿ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಆಗ ಏಣಿ ಓಣಿಯ ಮೂಲೆಗೆ ಕೈ ತೋರಿಸಿದ. ಅಲ್ಲಿ ಬೆಳಿಗ್ಗೆ ಕೋಣೆಯಿಂದ ತೆಗೆದ ಸಗಣಿಯ ತಳ್ಳುಗಾಡಿ ಇತ್ತು.

"ಬೇರೆ ದಾರಿ ಇಲ್ಲ ಕಣಯ್ಯಾ" ಎಂದ. ಅವನ ಧ್ವನಿಯಲ್ಲಿ ಮರುಕವಿತ್ತು, ಮುಖದಲ್ಲಿ ಇರಲಿಲ್ಲ.

ಹರಿದ ಅಂಗಿ ತೆಗೆದು ಮೊದಲು ಪೈಪಿನ ನೀರಲ್ಲಿ ಮೈ ತೊಳೆದೆ. ಅತ್ತರು ಹೋಗಲಿಲ್ಲ. ಮೈದುನ ಜೀವನದಲ್ಲಿ ಮೊದಲ ಬಾರಿ ಒಂದು ಗಟ್ಟಿ ಪದಾರ್ಥ ಕೊಟ್ಟಿದ್ದ. ಆಮೇಲೆ ಕಣ್ಣು ಮುಚ್ಚಿ ತಳ್ಳುಗಾಡಿಗೆ ಕೈ ಹಾಕಿದೆ. ಕೈ, ಎದೆ, ಕತ್ತು, ಹೆಂಡತಿ ನಿಂಬೆಹಣ್ಣು ಉಜ್ಜಿದ್ದ ಜಾಗಗಳಿಗೆಲ್ಲ ಉಜ್ಜಿಕೊಂಡೆ. ಬೆನ್ನಿಗೆ ಏಣಿ ಹಚ್ಚಿದ, ಸ್ವಲ್ಪ ಉತ್ಸಾಹದಿಂದಲೇ ಹಚ್ಚಿದ.

ಈ ಸಲ ಕಂಬದಾಚೆ ಹೋಗಲಿಲ್ಲ. ಓಣಿಯಲ್ಲಿ ನಿಂತು, ಕೋಣೆಯ ಬಾಗಿಲು ತೆರೆದು ಕರೆದೆ. ಬಹಳ ಹೊತ್ತು ಏನೂ ಆಗಲಿಲ್ಲ. ಮತ್ತೆ ಕರೆದೆ. ಆಮೇಲೆ ಕೆಸರು ಕಳಚಿಕೊಳ್ಳುವ ಸದ್ದು. ಬಾಗಿಲವರೆಗೆ ಬಂದು ನಿಂತಳು. ನಾನು ಸರಳುಗಳ ನಡುವೆ ತೋಳು ಚಾಚಿದೆ. ಕೈ ಹಿಂದಕ್ಕೆ ಬರುತ್ತದೋ ಇಲ್ಲವೋ ಎಂಬ ಯೋಚನೆ ಬಂತು, ಆದರೂ ಚಾಚಿದೆ. ಬೆರಳಿನಿಂದ ಭುಜದವರೆಗೆ ಮೂಸಿದಳು, ಮತ್ತೆ ಮೊದಲಿನಿಂದ ಮೂಸಿದಳು. ಅನುಮಾನ ಪೂರ್ತಿ ಹೋಗಿರಲಿಲ್ಲ. ಒಂದು ಸೀನು ಸೀನಿದಳು, ಅದರ ಪಾಲೆಲ್ಲ ನನ್ನ ಮುಖಕ್ಕೆ ಬಂತು. ಆಮೇಲೆ ಒಳಗೆ ನಡೆದು ಕತ್ತಿನ ಮಡಿಕೆಯನ್ನು ಸರಳಿಗೆ ಒತ್ತಿ ನಿಂತಳು. ನಾನು ಕೆರೆಯುತ್ತ ಉಳಿದೆ, ಏಣಿ ಸರಪಳಿ ಎಳೆದು ಬಾಗಿಲು ಹಾಕಿದ. ನನ್ನ ಕಣ್ಣಲ್ಲಿ ನೀರಿತ್ತು. ಸಗಣಿಯ ಘಾಟಿಗೆ ಎಂದು ಅವನಿಗೆ ಹೇಳಿದೆ.

ಕೊಂಬೆ ಕಡಿದು, ಎಳೆದು, ಬಯಲು ಶುಚಿ ಮಾಡುವಷ್ಟರಲ್ಲಿ ಸಂಜೆಯಾಯಿತು. ಸೋಪು ಹಚ್ಚಿ ಹಚ್ಚಿ ತೊಳೆದುಕೊಂಡೆ. ಅತ್ತರು ಮತ್ತು ಸಗಣಿ ಎರಡೂ ಹೋಗಲಿಲ್ಲ, ಎರಡೂ ಸೇರಿ ಮೂರನೆಯದೊಂದು ಹುಟ್ಟಿತ್ತು. ಏಣಿಯ ಅಂಗಿ ಹಾಕಿಕೊಂಡೆ, ಅದು ಮೊಣಕಾಲಿನವರೆಗೆ ಬಂತು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟನ್ನು ದೂರದಿಂದಲೇ ತೋಳು ಚಾಚಿ ಕೊಟ್ಟ.

ಮನೆಗೆ ಬಂದಾಗ ಬೀಗರು ಬಂದು ಕುಳಿತಿದ್ದರು. ಬಾಗಿಲಲ್ಲಿ ನನ್ನನ್ನು ನೋಡಿದ ಹೆಂಡತಿಯ ಮುಖದಲ್ಲಿ ಕೋಪವೂ ಇರಲಿಲ್ಲ, ಆ ಘಟ್ಟವನ್ನು ಅವಳು ದಾಟಿಹೋಗಿದ್ದಳು. ಬೀಗಿತ್ತಿ ಕರವಸ್ತ್ರ ಹುಡುಕಿದರು. ಹುಡುಗ ಎದ್ದು ಕಿಟಕಿ ತೆರೆದ. ಲಾಂಡ್ರಿಯ ಬೀಗರು ಮಾತ್ರ ಕುಳಿತಲ್ಲೇ ತಲೆಯೆತ್ತಿ, ಕಣ್ಣು ಅರ್ಧ ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದರು. ಆ ದಿನ ನನ್ನನ್ನು ಹಾಗೆ ಮೂಸಿದವರಲ್ಲಿ ಅವರು ಎರಡನೆಯವರು.

"ಹುಲ್ಲು ತಿನ್ನೋ ಪ್ರಾಣಿದು ಅಲ್ವಾ?" ಎಂದರು.

ಹೌದು ಎಂದೆ.

"ಹಾಗಾದ್ರೆ ತೊಂದರೆ ಇಲ್ಲ, ತೊಳೆದ್ರೆ ಹೋಗುತ್ತೆ. ಮಾಂಸ ತಿನ್ನೋದಾಗಿದ್ರೆ ಕಷ್ಟ ಇತ್ತು. ಆದ್ರೆ ಮೇಲಿರೋ ಆ ಅತ್ತರು ಇದೆಯಲ್ಲ, ಅದು ಯಾರು ಕೊಟ್ಟಿದ್ದು? ಅದು ಹೋಗಲ್ಲ ಬೀಗರೆ."

ಬೀಗರೆ ಎಂದದ್ದನ್ನು ನಾನು ಗಮನಿಸಲಿಲ್ಲ, ಅತ್ತರಿನ ಚಿಂತೆಯಲ್ಲಿದ್ದೆ. ಹೆಂಡತಿ ಗಮನಿಸಿದಳು. ಗೋಡೆ ಹಿಡಿದು ಕುರ್ಚಿಯ ಮೇಲೆ ಕುಳಿತಳು. ಮಗಳು ಎಲ್ಲವನ್ನೂ ಮೊದಲೇ ಅವರಿಗೆ ಹೇಳಿದ್ದಳಂತೆ, ವಾಸನೆಯನ್ನೂ ಸೇರಿಸಿ. ನಮಗೆ ಮಾತ್ರ ಹೇಳಿರಲಿಲ್ಲ. ಅಮ್ಮ ಅಷ್ಟು ಕಷ್ಟಪಟ್ಟು ಅಪ್ಪನನ್ನು ಉಜ್ಜುತ್ತಿರುವಾಗ ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ ಎಂದಳು. ಮಾತು ಮುಗಿಯಿತು, ಮದುವೆಯೂ ಆಯಿತು. ಮದುವೆಯ ದಿನ ನಾನು ಬರೀ ಸೋಪು ಹಚ್ಚಿ ಸ್ನಾನ ಮಾಡಿದ್ದೆ.

ಅಲ್ಲಿಂದಾಚೆ ಮೃಗಾಲಯದಲ್ಲಿ ಎರಡು ಬದಲಾವಣೆಗಳಾದವು. ಪ್ರಾಣಿಗಳ ಮನೆಯಲ್ಲಿ ಕೆಲಸ ಮಾಡುವವರು ಸುವಾಸನೆಯ ವಸ್ತು ಬಳಸಬಾರದು ಎಂಬುದೊಂದು. ಎರಡು ಕಂಬಗಳ ನಡುವೆ ಒಂದು ಅಡ್ಡ ಸರಳು ಹಾಕಿದ್ದು ಇನ್ನೊಂದು, ಅದು ನನಗೊಬ್ಬನಿಗೇ. ಹೊಸಬರು ಕೆಲಸಕ್ಕೆ ಸೇರಿದಾಗ ಡಾಕ್ಟರಮ್ಮ ಈ ಪ್ರಸಂಗವನ್ನು ಪಾಠದಂತೆ ಹೇಳುತ್ತಾರೆ. ಹೆಸರು ಹೇಳುವುದಿಲ್ಲ, ಅಷ್ಟು ದೊಡ್ಡ ಮನಸ್ಸು ಅವರದು. ಏಣಿ ಹಿಂದೆ ನಿಂತು ನನ್ನ ಕಡೆ ಬೆರಳು ತೋರಿಸುತ್ತಾನೆ.

ಆ ಭಾನುವಾರದ ಮರುದಿನ ನಾನು ಅಳುಕುತ್ತಲೇ ಕೆಲಸಕ್ಕೆ ಹೋಗಿದ್ದೆ. ದೊಡ್ಡಮ್ಮನಿಗೆ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದೆ. ನನ್ನ ಮುಖ ನಿನಗೆ ಕಾಣದಿದ್ದರೂ ಪರವಾಗಿಲ್ಲ, ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದು, ಇತ್ಯಾದಿ. ಓಣಿಗೆ ಹೋಗಿ ಸರಳಿನ ಹತ್ತಿರ ನಿಂತೆ. ಅಷ್ಟರಲ್ಲಿ ಹುಲ್ಲಿನ ಗಾಡಿ ಬಂತು. ಅವಳು ನನಗೆ ಬೆನ್ನು ಹಾಕಿ ಅದರ ಕಡೆ ನಡೆದಳು. ನಾನು ಪೈಪ್ ಬಿಚ್ಚಿ ಕೋಣೆ ತೊಳೆಯತೊಡಗಿದೆ.