ಚಿಕ್ಕಮ್ಮನ ಅಲಿಪ್ತ ನೀತಿ

ಆಲ್ದೂರು ಪೇಟೆಯಲ್ಲಿ ನನ್ನ ಚಿಕ್ಕಪ್ಪನದು ತೋಟದ ಸಾಮಾನಿನ ಅಂಗಡಿ. ಕತ್ತಿ, ಗುದ್ದಲಿ, ಗಂಬೂಟು, ಸ್ಪ್ರೇ ಪಂಪು ಎಲ್ಲ ಅಲ್ಲಿ ಸಿಗುತ್ತಿತ್ತು. ಸಿಗದೆ ಇದ್ದದ್ದು ಮೌನ ಮಾತ್ರ. ಅಂಗಡಿಯ ಹಿಂದೆಯೇ ಮನೆ. ಅಲ್ಲಿನ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಟೀಚರಾಗಿ ಸೇರಿದ ಹೊಸತರಲ್ಲಿ ನಾನು ಆ ಮನೆಯಲ್ಲೇ ಉಳಿದುಕೊಂಡಿದ್ದೆ.

ಅದು ಎರಡು ಸಾವಿರದ ಮೂರರ ಮಳೆಗಾಲ. ಇರಾಕಿಗೆ ನಿಮ್ಮ ಸೈನ್ಯವನ್ನೂ ಕಳಿಸಿ ಎಂದು ಅಮೆರಿಕ ಕೇಳುತ್ತಿದೆ, ದೆಹಲಿಯಲ್ಲಿ ಯೋಚನೆ ನಡೆದಿದೆ ಎಂದು ಪೇಪರಿನಲ್ಲಿ ಬರುತ್ತಿತ್ತು. ನಮ್ಮ ಅಂಗಡಿಯಲ್ಲಿ ಯೋಚನೆಗೆ ಪುರಸೊತ್ತಿರಲಿಲ್ಲ. ಕಳಿಸಲೇಬೇಕು ಎಂದು ಚಿಕ್ಕಪ್ಪ. ಕೂಡದು ಎಂದು ಜಾವಳಿ ಕಡೆಯ ನಿವೃತ್ತ ಮೇಷ್ಟ್ರು. ಈ ಮೇಷ್ಟ್ರು ದಿನಾ ಬಸ್ಸಿಳಿದು ಬಂದು, ಏನನ್ನೂ ಕೊಳ್ಳದೆ, ನಮ್ಮ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರುತ್ತಿದ್ದರು. ಬೆಳಿಗ್ಗೆ ಚಿಕ್ಕಪ್ಪ ನುಂಗಿದ ಬಿ.ಪಿ. ಮಾತ್ರೆಯ ಕೆಲಸವನ್ನೆಲ್ಲ ಇರಾಕು ಹತ್ತು ಗಂಟೆಯೊಳಗೆ ಹಾಳುಮಾಡುತ್ತಿತ್ತು.

ಬೇರೆ ಅಂಗಡಿಯಲ್ಲಾಗಿದ್ದರೆ ಇದು ಬರೀ ಹೊತ್ತು ಕಳೆಯುವ ಮಾತು. ಆದರೆ ಚಿಕ್ಕಪ್ಪನ ಒಬ್ಬನೇ ಮಗ ಸೈನ್ಯದಲ್ಲಿದ್ದ. ಅವನು ಹೋಗಬೇಕಾಗಿ ಬಂದರೆ ಎಂಬುದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹೆತ್ತ ಮಗನನ್ನು ಪಣಕ್ಕಿಟ್ಟು ಹೀಗೆ ವಾದ ಮಾಡುವ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರದೇ ಮನೆಯ ಅನ್ನ ತಿನ್ನುತ್ತಿದ್ದುದರಿಂದ ಸುಮ್ಮನಿದ್ದೆ.

ಒಂದು ದಿನ ಚಿಕ್ಕಪ್ಪ ಹೊಸ ಅಸ್ತ್ರ ತೆಗೆದರು.

"ಇದು ಮುಯ್ಯಾಳು ಕಣ್ರೀ ಮೇಷ್ಟ್ರೇ. ಇವತ್ತು ನಮ್ಮವ್ರು ಅವರ ಗದ್ದೆಗೆ ಇಳೀತಾರೆ. ನಾಳೆ ನಮ್ಗೆ ಗಡೀಲಿ ತಾಪತ್ರಯ ಬಂದ್ರೆ ಅವ್ರು ಬರ್ಲೇಬೇಕು."

ನಮ್ಮ ಕಡೆ ನಾಟಿಯ ಕಾಲದಲ್ಲಿ ಕೂಲಿಯಿಲ್ಲದೆ ನಡೆಯುವ ಏರ್ಪಾಡು ಅದು. ಈ ದಿನ ನಮ್ಮ ಮನೆಯವರು ನಿಮ್ಮ ಗದ್ದೆಗೆ, ಇನ್ನೊಂದು ದಿನ ನಿಮ್ಮವರು ನಮ್ಮ ಗದ್ದೆಗೆ. ಅಮೆರಿಕದ ಅಧ್ಯಕ್ಷರು ಪಂಚೆ ಎತ್ತಿಕಟ್ಟಿ ನಮ್ಮ ಕೆಸರಿಗೆ ಇಳಿಯುವುದನ್ನು ಊಹಿಸಿಕೊಂಡು ನನಗೆ ನಗು ತಡೆಯಲಾಗಲಿಲ್ಲ.

"ಅದು ಅವರ ಗದ್ದೆಯೂ ಅಲ್ವಲ್ಲ ಮಾರಾಯ್ರೆ," ಎಂದರು ಮೇಷ್ಟ್ರು. "ಯಾರದ್ದೋ ಗದ್ದೆಗೆ ಅವ್ರು ನುಗ್ಗಿ, ಸಸಿ ಕೀಳೋಕೆ ನಮ್ಮನ್ನ ಕರೀತಿದ್ದಾರೆ. ನಮ್ದು ಅಲಿಪ್ತ ನೀತಿ. ಸುಮ್ನೆ ದಡದ ಮೇಲೆ ಕೂತ್ಕೊಂಡ್ರೆ ಆಯ್ತು."

"ನೀನು ಹೇಳು ಮಾರಾಯ್ತಿ, ಪಾಠ ಮಾಡೋಳು ನೀನಲ್ವಾ," ಎಂದು ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಅಲಿಪ್ತ ಎಂದರೆ ದಡದ ಮೇಲೆ ಕೂರುವುದಲ್ಲ, ಯಾರ ಬಣಕ್ಕೂ ಸೇರದೆ ನಮ್ಮ ತೀರ್ಮಾನ ನಾವೇ ಮಾಡುವುದು ಎಂದು ನಾನು ಪುಸ್ತಕದ ದನಿಯಲ್ಲಿ ವಿವರಿಸಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡದ್ದು ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ.

"ಮುಯ್ಯಾಳಿಗೆ ಹೋದೋರು ಸಂಜೆ ಮನೆಗೆ ಬರ್ತಾರೆ," ಎಂದರು ಅವರು. "ಇವತ್ತಿಂದ ನಾನೂ ಅಲಿಪ್ತ. ನಂದು ನಾನೇ ತೀರ್ಮಾನ ಮಾಡಿದ್ದೀನಿ. ಈ ಅಂಗಡೀಲಿ ಯಾವ ಪಕ್ಷಕ್ಕೂ ಕಾಫಿ ಇಲ್ಲ."

ತಂದಿದ್ದ ಲೋಟಗಳ ಸಮೇತ ಒಳಗೆ ಹೋದರು.

ಊರೆಲ್ಲ ಕಾಫಿ ಬೆಳೆಯುವ ಕಡೆ ಕಾಫಿಯಿಲ್ಲದೆ ಕೂರುವುದೆಂದರೆ ಅವಮಾನ. ಎದುರಿನ ಹೋಟೆಲಿನಿಂದ ತರಿಸಿ ನೋಡಿದರು. ಅದರಲ್ಲಿ ಚಿಕೋರಿ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ದಿನ ಕಳೆಯುವುದರೊಳಗೆ ವಾದದ ದನಿ ಇಳಿಯಿತು. ತಾನು ಚಿಕ್ಕಮ್ಮನ ಪಕ್ಷವೇ ಅಲ್ಲವೇ, ತನಗೇಕೆ ಶಿಕ್ಷೆ ಎಂದು ಮೇಷ್ಟ್ರು ನನ್ನ ಮೂಲಕ ಒಳಗೆ ಅಹವಾಲು ಕಳಿಸಿದರು. "ಪಕ್ಷ ಗಿಕ್ಷ ಇಲ್ಲ ಅಂತ ಹೇಳು," ಎಂದು ಉತ್ತರ ಬಂತು. ಚಿಕ್ಕಪ್ಪ ಮಾತ್ರ ಒಣಗಿದ ಗಂಟಲಲ್ಲೇ, ಒಳಮನೆಗೆ ಕೇಳುವಷ್ಟು ಜೋರಾಗಿ ಇರಾಕಿನ ಸುದ್ದಿ ಓದುತ್ತಿದ್ದರು.

ಜುಲೈ ತಿಂಗಳಲ್ಲಿ ಒಂದು ದಿನ, ಸೈನ್ಯ ಕಳಿಸುವುದಿಲ್ಲವೆಂದು ಸರ್ಕಾರ ತೀರ್ಮಾನಿಸಿದೆ ಎಂದು ರೇಡಿಯೋದಲ್ಲಿ ಬಂತು. ಮೇಷ್ಟ್ರು ಗೆದ್ದವರ ಗತ್ತಿನಲ್ಲಿ ಶಾಲು ಸರಿಮಾಡಿಕೊಂಡರು. ಸೋತ ಚಿಕ್ಕಪ್ಪ ಸರ್ಕಾರವನ್ನು ಬೈಯುತ್ತಾರೆಂದು ನಾನು ಕಾದೆ. ಅವರು ಗಂಬೂಟಿನ ರಾಶಿಯ ಪಕ್ಕ ಕುಸಿದು ಕೂತು ಕಣ್ಣೊರೆಸಿಕೊಂಡರು. ರೇಡಿಯೋ ಕೇಳಿ ಹೊರಗೆ ಬಂದಿದ್ದ ಚಿಕ್ಕಮ್ಮನನ್ನು ನೋಡಿ ನಿಧಾನವಾಗಿ ಹೇಳಿದರು.

"ಫೋನ್ ಮಾಡ್ದಾಗ ಅವ್ನು ಹೇಳಿದ್ದ. ಕಳಿಸೋದಾದ್ರೆ ನಾವೂ ಹೋಗ್ಬೇಕಾಗ್ಬಹುದು, ಅಮ್ಮಂಗೆ ಮೆಲ್ಲಗೆ ಹೇಳಿ ಅಂತ. ನಿನ್ನ ಮುಖ ನೋಡ್ಕೊಂಡು ಹೇಳೋಕಾಗ್ಲಿಲ್ಲ. ಇಲ್ಲಿ ಕೂತು ಕೂಗ್ತಾ ಇದ್ರೆ ನಿನ್ನ ಕಿವಿಗೂ ಬಿದ್ದು ಅಭ್ಯಾಸ ಆಗ್ಲಿ ಅಂತ."

ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ನಂಗೂ ಹೇಳಿದ್ದ. ಅಪ್ಪಂಗೆ ಹೇಳ್ಬೇಡ, ಬಿ.ಪಿ. ಏರುತ್ತೆ ಅಂದಿದ್ದ. ನೀವು ಕಾಫಿ ಕುಡಿದಷ್ಟೂ ಕೂಗ್ತಿದ್ರಿ. ಇನ್ನೇನು ಮಾಡ್ಲಿ, ಕಾಫೀನೇ ನಿಲ್ಲಿಸ್ದೆ."

ಇಷ್ಟು ದಿನ ಚಿಕ್ಕಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಹಾಲು ಕಾಯಿಸಲಿಟ್ಟೆ. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಬಂದು ಡಿಕಾಕ್ಷನ್ ಬೆರೆಸಿ, ಮೇಷ್ಟ್ರಿಗೆ ತುಂಬಿದ ಲೋಟ ಕೊಟ್ಟರು, ಚಿಕ್ಕಪ್ಪನಿಗೆ ಅರ್ಧ. ಅಲಿಪ್ತ ನೀತಿ ಅಲ್ಲಿಗೆ ಮುಗಿದಿತ್ತು. ಅರ್ಧ ಯಾಕೆ ಎಂದು ಚಿಕ್ಕಪ್ಪ ಕೇಳಲಿಲ್ಲ.